ಬ್ಯಾಂಕ್‌ರಪ್ಸಿಯ ನಡುವೆ ಗಾಯದ ಪರಿಹಾರ ಬಂದರೆ ಅದು ಯಾರ ಹಣ, ವಕೀಲರ ಫೀಸು ಯಾರ ಲೆಕ್ಕಕ್ಕೆ?

ಎಡಿಸನ್ ಓದುಗಿ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. 2025ರ ಜನವರಿಯಲ್ಲಿ ದಿನಸಿ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಮಂಜುಗಡ್ಡೆಯ ಮೇಲೆ ಕಾಲು ಜಾರಿ ಬಿದ್ದು ನನ್ನ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರ ಬಹಳ ಕಾಲ ಕೆಲಸಕ್ಕೆ ಹೋಗಲಾಗಲಿಲ್ಲ. ಮನೆ ಖರ್ಚೆಲ್ಲ ಕ್ರೆಡಿಟ್ ಕಾರ್ಡಿನ ಮೇಲೆ ಬಿದ್ದು, ಕೊನೆಗೆ ಸೆಪ್ಟೆಂಬರ್‌ನಲ್ಲಿ ನಾನೊಬ್ಬಳೇ ಬ್ಯಾಂಕ್‌ರಪ್ಸಿ, ಅಂದರೆ ದಿವಾಳಿ ಕಾನೂನಿನ ಚಾಪ್ಟರ್ 7ರಡಿ (ಇರುವ ಆಸ್ತಿಯಿಂದ ಸಾಲದಾತರಿಗೆ ಕೊಟ್ಟು ಉಳಿದ ಸಾಲದಿಂದ ಮುಕ್ತಿ ಪಡೆಯುವ ಬಗೆ) ಅರ್ಜಿ ಹಾಕಿದೆ. ಅಂಗಡಿಯ ವಿರುದ್ಧ ಇರುವ ಹಕ್ಕನ್ನು ಆಸ್ತಿಪಟ್ಟಿಯಲ್ಲಿ ನಮೂದಿಸಿದ್ದೇನೆ, ವಿನಾಯಿತಿಯನ್ನೂ (ಸಾಲದಾತರಿಗೆ ಹೋಗದೆ ನನಗೇ ಉಳಿಯುವ ಪಾಲು) ಕೇಳಿದ್ದೇನೆ.

ಈಗ ಅಂಗಡಿಯ ವಿಮಾ ಕಂಪನಿ 1,00,000 ಡಾಲರಿಗೆ ರಾಜಿಯಾಗಲು ಸಿದ್ಧವಿದೆ. ಗಾಯದ ಪ್ರಕರಣ ನಡೆಸುತ್ತಿರುವ ನನ್ನ ವಕೀಲರು ಕಾಗದಕ್ಕೆ ಸಹಿ ಹಾಕಲು ಕರೆಯುತ್ತಿದ್ದಾರೆ. ಅದೇ ಹೊತ್ತಿಗೆ ಸಾಲದಾತರಿಗಾಗಿ ನನ್ನ ಆಸ್ತಿಯನ್ನು ನೋಡಿಕೊಳ್ಳಲು ನೇಮಕವಾದ ಬ್ಯಾಂಕ್‌ರಪ್ಸಿ ಟ್ರಸ್ಟಿಯಿಂದ ಪತ್ರ ಬಂದಿದ್ದು, ತಮ್ಮ ಅನುಮತಿಯಿಲ್ಲದೆ ಯಾವ ರಾಜಿಯನ್ನೂ ಮಾಡಿಕೊಳ್ಳಬಾರದೆಂದು ತಿಳಿಸಿದ್ದಾರೆ. ಮುರಿದದ್ದು ನನ್ನ ಮೂಳೆ, ಹಾಗಿರುವಾಗ ಹಣ ಬೇರೆಯವರ ಕೈಗೆ ಹೇಗೆ ಹೋಗುತ್ತದೆ? ಗಾಯದ ವಕೀಲರ ಫೀಸನ್ನು ಯಾರು ಕೊಡಬೇಕು? ನನ್ನ ಕೈಗೆ ಏನಾದರೂ ಉಳಿಯುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನೆವಾರ್ಕ್ ಕಚೇರಿಯವನು

ನಮಸ್ಕಾರ ಅಮ್ಮ. ನಾನು ವಕೀಲನಲ್ಲ, ಬ್ಯಾಂಕ್‌ರಪ್ಸಿ ವಕೀಲರೊಬ್ಬರ ಕಚೇರಿಯಲ್ಲಿ ಪ್ಯಾರಾಲೀಗಲ್ ಆಗಿ ಕೆಲಸ ಮಾಡುತ್ತೇನೆ. ಆದ್ದರಿಂದ ಇದನ್ನು ತಿಳಿವಳಿಕೆಗಾಗಿ ಓದಿಕೊಂಡು, ನಿರ್ಧಾರವನ್ನು ನಿಮ್ಮ ವಕೀಲರೊಡನೆ ಮಾತಾಡಿಯೇ ತೆಗೆದುಕೊಳ್ಳಿ. ಅವರೊಡನೆ ಮಾತಾಡುವವರೆಗೆ ಸಹಿ ಮಾತ್ರ ಹಾಕಬೇಡಿ.

ಬ್ಯಾಂಕ್‌ರಪ್ಸಿ ಕಾನೂನಿನ 541ನೇ ವಿಧಿಯ ಪ್ರಕಾರ, ಅರ್ಜಿ ಹಾಕಿದ ಕ್ಷಣದಲ್ಲಿ ನಿಮಗಿದ್ದ ಎಲ್ಲ ಹಕ್ಕುಗಳೂ 'ಎಸ್ಟೇಟ್' ಎಂಬ ಪ್ರತ್ಯೇಕ ಆಸ್ತಿಕೂಟಕ್ಕೆ ಸೇರುತ್ತವೆ. ಹಣ ಕೈಗೆ ಬಂದಿರಬೇಕೆಂದಿಲ್ಲ, ದಾವೆ ಹೂಡಿರಬೇಕೆಂದೂ ಇಲ್ಲ. ನೀವು ಬಿದ್ದದ್ದು ಜನವರಿಯಲ್ಲಿ, ಅರ್ಜಿ ಹಾಕಿದ್ದು ಸೆಪ್ಟೆಂಬರ್‌ನಲ್ಲಿ. ಹೀಗಾಗಿ ಅಂಗಡಿಯ ವಿರುದ್ಧದ ಹಕ್ಕು ಸೆಪ್ಟೆಂಬರ್‌ನಿಂದಲೇ ಎಸ್ಟೇಟಿನದಾಗಿದೆ. ಅರ್ಜಿ ಹಾಕಿದ ಮರುದಿನ ಬಿದ್ದಿದ್ದರೆ ಚಾಪ್ಟರ್ 7ರಲ್ಲಿ ಆ ಹಕ್ಕು ಪೂರ್ತಿಯಾಗಿ ನಿಮ್ಮದೇ ಆಗಿರುತ್ತಿತ್ತು. ಇದು ಕಠೋರವೆನಿಸಬಹುದು. ಆದರೆ ಕಾನೂನು ನೋಡುವುದು ಹಕ್ಕು ಹುಟ್ಟಿದ ದಿನವನ್ನೇ ಹೊರತು ಹಣ ಬಂದ ದಿನವನ್ನಲ್ಲ.

ಹಕ್ಕು ಎಸ್ಟೇಟಿನದಾದ ಮೇಲೆ ಅದನ್ನು ನಡೆಸುವ, ರಾಜಿ ಮಾಡಿಕೊಳ್ಳುವ, ಬಿಟ್ಟುಕೊಡುವ ಅಧಿಕಾರ ಟ್ರಸ್ಟಿಯದು. ನಿಮ್ಮ ಗಾಯದ ವಕೀಲರಿಗೆ ಈಗ ಕಾನೂನಿನ ದೃಷ್ಟಿಯಲ್ಲಿ ಕಕ್ಷಿದಾರರೇ ಬದಲಾಗಿದ್ದಾರೆ. ಅವರು ಕೆಲಸ ಮುಂದುವರಿಸಬೇಕಾದರೆ ಟ್ರಸ್ಟಿಯು 327ನೇ ವಿಧಿಯ ಇ ಉಪವಿಧಿಯ ಅಡಿಯಲ್ಲಿ ಅವರನ್ನು ವಿಶೇಷ ವಕೀಲರನ್ನಾಗಿ ನೇಮಿಸಿಕೊಳ್ಳಲು ನ್ಯಾಯಾಲಯದ ಒಪ್ಪಿಗೆ ಪಡೆಯಬೇಕು. ಆ ಅರ್ಜಿಯೊಡನೆ ವಕೀಲರು, ತಮಗೆ ಈ ಪ್ರಕರಣದಲ್ಲಿ ಎಸ್ಟೇಟಿಗೆ ವಿರುದ್ಧವಾದ ಹಿತಾಸಕ್ತಿ ಇಲ್ಲವೆಂದು ಪ್ರಮಾಣೀಕರಿಸಿದ ಹೇಳಿಕೆಯನ್ನು ಕೊಡಬೇಕು. ಸಾಮಾನ್ಯವಾಗಿ ಟ್ರಸ್ಟಿಗಳು ಮೊದಲಿನ ವಕೀಲರನ್ನೇ ಉಳಿಸಿಕೊಳ್ಳುತ್ತಾರೆ. ಕಡತ ಓದಿದವರು, ಸಾಕ್ಷಿಗಳನ್ನು ಬಲ್ಲವರು ಅವರೇ ಅಲ್ಲವೇ.

ಇನ್ನು ರಾಜಿಯ ವಿಷಯ. ಬ್ಯಾಂಕ್‌ರಪ್ಸಿ ನಿಯಮ 9019ರಂತೆ ಟ್ರಸ್ಟಿ ಅರ್ಜಿ ಹಾಕಬೇಕು, ಸಾಲದಾತರಿಗೆ ಸಾಧಾರಣವಾಗಿ 21 ದಿನಗಳ ನೋಟಿಸ್ ಹೋಗಬೇಕು, ಆಮೇಲೆ ನ್ಯಾಯಾಧೀಶರು ಒಪ್ಪಬೇಕು. ನ್ಯೂಜೆರ್ಸಿಯು ಸೇರಿರುವ ಮೂರನೇ ಸರ್ಕ್ಯೂಟ್ ನ್ಯಾಯಾಲಯವು (ಸರ್ಕ್ಯೂಟ್ ಎಂದರೆ ಕೆಲವು ರಾಜ್ಯಗಳಿಗೆ ಸೇರಿದ ಫೆಡರಲ್ ಮೇಲ್ಮನವಿ ನ್ಯಾಯಾಲಯ) 1996ರ ಮಾರ್ಟಿನ್ ಪ್ರಕರಣದಲ್ಲಿ ಇದಕ್ಕೆ ಅಳತೆಗೋಲನ್ನು ಹಾಕಿಕೊಟ್ಟಿದೆ: ದಾವೆ ಗೆಲ್ಲುವ ಸಂಭವವೆಷ್ಟು, ಗೆದ್ದ ಮೇಲೆ ವಸೂಲಿ ಎಷ್ಟು ಕಷ್ಟ, ದಾವೆಯ ಜಟಿಲತೆ, ಖರ್ಚು, ವಿಳಂಬ ಎಷ್ಟು, ಸಾಲದಾತರ ಹಿತ ಯಾವುದರಲ್ಲಿದೆ. ಇದಾವುದೂ ಆಗದೆ ನೀವು ಸಹಿ ಹಾಕಿದರೆ ಆ ರಾಜಿ ಎಸ್ಟೇಟನ್ನು ಕಟ್ಟಿಹಾಕುವುದಿಲ್ಲ. ಹಣ ಹಂಚಿಹೋಗಿದ್ದರೆ ಅದನ್ನು ಹಿಂದಕ್ಕೆ ಕೇಳುವ ಹಕ್ಕು ಟ್ರಸ್ಟಿಗಿದೆ.

ಹೊಸ ಸದಸ್ಯ

ಒಂದು ಸಂದೇಹ. ನನ್ನ ಗೆಳೆಯರೊಬ್ಬರಿಗೆ ಪರಿಚಯದವರು, ದಾವೆ ಹೂಡದೆ ಇರುವಾಗ ಅದನ್ನು ಪಟ್ಟಿಯಲ್ಲಿ ಬರೆಯುವುದೇಕೆ, ಸಾಲಮುಕ್ತಿಯ ಆದೇಶ ಬಂದು ಕೇಸು ಮುಚ್ಚಿದ ಮೇಲೆ ಹೂಡಿದರಾಯಿತು ಎಂದು ಸಲಹೆ ಕೊಟ್ಟಿದ್ದಾರಂತೆ. ನ್ಯೂಜೆರ್ಸಿಯಲ್ಲಿ ಗಾಯದ ದಾವೆಗೆ ಎರಡು ವರ್ಷಗಳ ಕಾಲಮಿತಿ ಇರುವುದರಿಂದ ಕಾಯಲು ಸಮಯವೂ ಇರುತ್ತದಲ್ಲ?

ನೆವಾರ್ಕ್ ಕಚೇರಿಯವನು

ಆ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಅದು ನಿಮ್ಮ ಗೆಳೆಯರನ್ನು ಸೆರೆಮನೆಯ ಬಾಗಿಲಿನವರೆಗೂ ಕರೆದೊಯ್ಯಬಲ್ಲ ಮಾತು.

ಆಸ್ತಿಪಟ್ಟಿಯ ನಮೂನೆಯ 33ನೇ ಸಾಲಿನಲ್ಲೇ, ದಾವೆ ಹೂಡಿರಲಿ ಇಲ್ಲದಿರಲಿ, ಮೂರನೆಯವರ ಮೇಲಿರುವ ಹಕ್ಕುಗಳನ್ನು ಬರೆಯಬೇಕೆಂದು ಸ್ಪಷ್ಟವಾಗಿ ಕೇಳಲಾಗಿದೆ. ಪಟ್ಟಿಯಲ್ಲಿ ಬರೆದ ಆಸ್ತಿಯನ್ನು ಟ್ರಸ್ಟಿ ಮುಟ್ಟದೆ ಕೇಸು ಮುಚ್ಚಿದರೆ, 554ನೇ ವಿಧಿಯ ಪ್ರಕಾರ ಅದು ತಾನಾಗಿಯೇ ಅರ್ಜಿದಾರರಿಗೆ ಮರಳುತ್ತದೆ. ಬರೆಯದೆ ಬಿಟ್ಟದ್ದು ಮರಳುವುದೇ ಇಲ್ಲ. ಎಷ್ಟು ವರ್ಷ ಕಳೆದರೂ ಎಸ್ಟೇಟಿನದಾಗಿಯೇ ಉಳಿಯುತ್ತದೆ, ಟ್ರಸ್ಟಿ ಕೇಸನ್ನು ಮತ್ತೆ ತೆರೆಸಬಹುದು. ಅಂದರೆ ಮುಚ್ಚಿಟ್ಟವರಿಗೆ ಆಸ್ತಿಯೂ ದಕ್ಕುವುದಿಲ್ಲ. ಅದರ ಮೇಲೆ, ಬೇಕೆಂದೇ ಮುಚ್ಚಿಟ್ಟದ್ದು ಸಾಬೀತಾದರೆ 727ನೇ ವಿಧಿಯಡಿ ಸಾಲಮುಕ್ತಿಯನ್ನೇ ನಿರಾಕರಿಸಬಹುದು, ಫೆಡರಲ್ ಅಪರಾಧ ಕಾನೂನಿನಂತೆ ಐದು ವರ್ಷಗಳವರೆಗೆ ಸಜೆಯೂ ಆಗಬಹುದು.

ಎದುರು ಪಕ್ಷದ ವಕೀಲರು ಇದನ್ನು ಹುಡುಕದೆ ಬಿಡುವುದಿಲ್ಲ. ಬ್ಯಾಂಕ್‌ರಪ್ಸಿ ದಾಖಲೆಗಳು ಸಾರ್ವಜನಿಕವಾಗಿ ಸಿಗುತ್ತವೆ. ಪ್ರಮಾಣ ಮಾಡಿ ಸಲ್ಲಿಸಿದ ಪಟ್ಟಿಯಲ್ಲಿ ಇಲ್ಲವೆಂದ ಹಕ್ಕನ್ನು ಇನ್ನೊಂದು ನ್ಯಾಯಾಲಯದಲ್ಲಿ ಇದೆಯೆಂದು ಹೇಳಲಾಗದು ಎಂಬ ವಾದ ಹೂಡಿ ಅವರು ದಾವೆಯನ್ನೇ ವಜಾ ಮಾಡಿಸಲು ಯತ್ನಿಸುತ್ತಾರೆ. ಇದರಲ್ಲಿ ಎಲ್ಲ ಸರ್ಕ್ಯೂಟ್‌ಗಳ ನಿಲುವೂ ಒಂದೇ ಅಲ್ಲ. 9ನೇ ಸರ್ಕ್ಯೂಟ್ 2013ರಲ್ಲಿ ಕವಾಯಿ ಕೌಂಟಿಯ ಪ್ರಕರಣದಲ್ಲೂ 11ನೇ ಸರ್ಕ್ಯೂಟ್ 2017ರಲ್ಲಿ ಯು.ಎಸ್. ಸ್ಟೀಲ್ ಪ್ರಕರಣದಲ್ಲೂ, ಅರ್ಜಿದಾರರ ಉದ್ದೇಶವೇನಿತ್ತು ಎಂಬುದನ್ನು ನೋಡದೆ ಯಾಂತ್ರಿಕವಾಗಿ ವಜಾ ಮಾಡಕೂಡದು ಎಂಬ ಉದಾರ ಧೋರಣೆಯನ್ನು ತಳೆದವು. ಆದರೆ ಇಂತಹ ಉದಾರತೆಯನ್ನು ನಂಬಿಕೊಂಡು ಪಟ್ಟಿ ತುಂಬುವುದು ಸರಿಯಲ್ಲ.

ಬರೆದವರಿಗೆ ಏನು ಲಾಭವಾಗಬಹುದು ಎಂಬುದಕ್ಕೆ 1992ರ ಸುಪ್ರೀಂ ಕೋರ್ಟಿನ ಟೇಲರ್ ಪ್ರಕರಣವನ್ನು ನೋಡಬೇಕು. ಅರ್ಜಿದಾರ ಮಹಿಳೆ ತನ್ನ ಉದ್ಯೋಗ ತಾರತಮ್ಯದ ದಾವೆಯ ಮೊತ್ತವನ್ನು 'ಗೊತ್ತಿಲ್ಲ' ಎಂದು ಬರೆದು ಪೂರ್ತಿ ವಿನಾಯಿತಿ ಕೇಳಿದ್ದಳು. ಟ್ರಸ್ಟಿ ಅದನ್ನು ಹಗುರವಾಗಿ ಪರಿಗಣಿಸಿ, ನಿಗದಿಯಾದ 30 ದಿನಗಳೊಳಗೆ ಆಕ್ಷೇಪ ಸಲ್ಲಿಸಲಿಲ್ಲ. ಮುಂದೆ ದಾವೆ 1,10,000 ಡಾಲರಿಗೆ ರಾಜಿಯಾದಾಗ ಟ್ರಸ್ಟಿ ಹಣ ಕೇಳಿದರು. ಕಾಲ ಮೀರಿದೆ, ಇನ್ನು ಕೇಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಅಂದಿನಿಂದ ಟ್ರಸ್ಟಿಗಳು ಎಚ್ಚರವಾಗಿದ್ದಾರೆ ಎಂಬುದು ಬೇರೆ ಮಾತು. ಆ 30 ದಿನಗಳ ಲೆಕ್ಕ ಸಾಲದಾತರ ಸಭೆ ಮುಗಿದ ಮೇಲೆ ಶುರುವಾಗುವುದರಿಂದ, ಗಾಯದ ಹಕ್ಕು ಇರುವ ಕೇಸುಗಳಲ್ಲಿ ಅವರು ಸಭೆಯನ್ನು ಮುಗಿಸದೆ ಮುಂದೂಡುವುದುಂಟು. ಎಡಿಸನ್ ಅವರೇ, ನಿಮ್ಮ ಸಭೆ ಮುಗಿದಿದೆಯೋ ಮುಂದೂಡಿದೆಯೋ ಎಂಬುದನ್ನು ದಾಖಲೆಯಲ್ಲಿ ನೋಡಿಕೊಳ್ಳಿ.

ಗಾಯದ ಪ್ರಕರಣಗಳ ಸಹಾಯಕಿ

ನಾನು ಗಾಯದ ಪ್ರಕರಣಗಳನ್ನೇ ನಡೆಸುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಇಂತಹ ವಿಷಯದಲ್ಲಿ ತೊಡಕು ಹುಟ್ಟುವುದು ಬಹುಮಟ್ಟಿಗೆ ನಮ್ಮ ಕಡೆಯಿಂದಲೇ ಎಂಬುದನ್ನು ಹೇಳಲೇಬೇಕು. ಕಕ್ಷಿದಾರರು ಬ್ಯಾಂಕ್‌ರಪ್ಸಿಗೆ ಹೋದದ್ದು ಗಾಯದ ವಕೀಲರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ನ್ಯಾಯಾಲಯದ ಒಪ್ಪಿಗೆಯಿಲ್ಲದೆ ಮಾಡಿದ ಕೆಲಸಕ್ಕೆ ಫೀಸು ಸಿಗುವುದು ಖಚಿತವಲ್ಲ, ಪಡೆದಿದ್ದರೆ ವಾಪಸು ಕೊಡಬೇಕಾಗಿಯೂ ಬರಬಹುದು. ಆಮೇಲೆ ಹಿಂದಿನ ತಾರೀಖಿನಿಂದ ಒಪ್ಪಿಗೆ ಕೇಳೋಣವೆಂದರೆ, ಮೂರನೇ ಸರ್ಕ್ಯೂಟ್ 1986ರಿಂದಲೇ ಅದನ್ನು ಅಸಾಧಾರಣ ಸಂದರ್ಭಗಳಿಗೆ ಸೀಮಿತಗೊಳಿಸಿದೆ. 2020ರಲ್ಲಿ ಸುಪ್ರೀಂ ಕೋರ್ಟ್, ಸ್ಯಾನ್ ಹುವಾನ್ ಧರ್ಮಪ್ರಾಂತದ ಪ್ರಕರಣದಲ್ಲಿ, ನಡೆಯದೇ ಇದ್ದುದನ್ನು ನಡೆದಿತ್ತೆಂದು ಹಿಂದಿನ ತಾರೀಖಿನ ಆದೇಶದಿಂದ ಮಾಡಲಾಗದು ಎಂದ ಮೇಲಂತೂ ದಾರಿ ಇನ್ನೂ ಕಿರಿದಾಗಿದೆ. ಆದ್ದರಿಂದ ನಿಮ್ಮ ಎರಡೂ ವಕೀಲರು ಈ ವಾರವೇ ಪರಸ್ಪರ ಮಾತಾಡುವಂತೆ ಮಾಡಿ. ಅದು ನಿಮಗೆ ಎಷ್ಟು ಮುಖ್ಯವೋ ಗಾಯದ ವಕೀಲರಿಗೂ ಅಷ್ಟೇ ಮುಖ್ಯ.

ಫೀಸಿನ ಲೆಕ್ಕ ಹೀಗಿದೆ. ನಿಮ್ಮ ಕರಾರು ಗೆದ್ದರೆ ಮಾತ್ರ ಫೀಸು ಎಂಬ ಬಗೆಯದಾಗಿರುತ್ತದೆ. ನ್ಯೂಜೆರ್ಸಿಯ ನ್ಯಾಯಾಲಯ ನಿಯಮದಂತೆ ಮೊದಲ 7,50,000 ಡಾಲರಿನವರೆಗೆ ಫೀಸು ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಅದನ್ನು ಕೂಡ ದಾವೆಯ ಖರ್ಚನ್ನು ಕಳೆದು ಉಳಿದ ಮೊತ್ತದ ಮೇಲೆ ಲೆಕ್ಕ ಹಾಕಬೇಕು, ಒಟ್ಟು ಮೊತ್ತದ ಮೇಲಲ್ಲ. ಬೇರೆ ರಾಜ್ಯಗಳಲ್ಲಿ ದಾವೆ ಹೂಡಿದ ಮೇಲೆ ಶೇಕಡಾ 40 ಕೇಳುವ ರೂಢಿಯೂ ಇದೆ. ಟ್ರಸ್ಟಿ ನೇಮಿಸಿಕೊಂಡಾಗ ಅದೇ ಶೇಕಡಾವಾರನ್ನು 328ನೇ ವಿಧಿಯಡಿ ನ್ಯಾಯಾಲಯ ಒಪ್ಪಬಹುದು. ಫೀಸು ಪಾವತಿಯಾಗುವುದು ರಾಜಿಯ ಹಣದಿಂದ, ನ್ಯಾಯಾಧೀಶರ ಆದೇಶವಾದ ಮೇಲೆ. ನಿಮ್ಮ ಜೇಬಿನಿಂದ ಪ್ರತ್ಯೇಕವಾಗಿ ಏನನ್ನೂ ಕೊಡಬೇಕಾಗಿಲ್ಲ.

ಇನ್ನೊಂದು ಬಾಬ್ತು ಆರೋಗ್ಯ ವಿಮೆಯದು. ನಿಮ್ಮ ಅಥವಾ ಯಜಮಾನರ ಕಂಪನಿಯು ಸ್ವಂತ ಹಣದಿಂದಲೇ ಆರೋಗ್ಯ ಯೋಜನೆ ನಡೆಸುತ್ತಿದ್ದರೆ, ಎರಿಸಾ ಎಂಬ ಫೆಡರಲ್ ಕಾನೂನಿನಡಿ ಆ ಯೋಜನೆ ತಾನು ಆಸ್ಪತ್ರೆಗೆ ಕೊಟ್ಟದ್ದನ್ನು ರಾಜಿಯ ಹಣದಿಂದ ಮರಳಿ ಕೇಳಬಹುದು. ಯೋಜನೆಯ ದಸ್ತಾವೇಜನ್ನು ತರಿಸಿಕೊಂಡು ಓದಿ. 2013ರ ಯು.ಎಸ್. ಏರ್‌ವೇಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯೋಜನೆಯ ಬರಹವೇ ಅಂತಿಮ ಎಂದಿತಾದರೂ, ವಕೀಲರ ಫೀಸಿನ ಬಗ್ಗೆ ಆ ಬರಹ ಏನನ್ನೂ ಹೇಳದಿದ್ದರೆ ಯೋಜನೆಯೂ ಫೀಸಿನ ಪಾಲನ್ನು ಹೊರಬೇಕು ಎಂದಿತು. 11,000 ಡಾಲರ್ ಕೇಳುವ ಯೋಜನೆ ಇದರಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಪಡೆಯಬೇಕಾಗಬಹುದು.

ಸನಿವೇಲ್ ಲೆಕ್ಕಿಗ

ಮೇಲಿನವರು ಹೇಳಿದ್ದನ್ನು ಅಂಕಿಗಳಲ್ಲಿ ಇಟ್ಟು ನೋಡಿದರೆ ಎಡಿಸನ್ ಅವರಿಗೆ ಅನುಕೂಲವಾದೀತು. ದಾವೆಯ ಖರ್ಚು 3,400 ಡಾಲರ್, ಆರೋಗ್ಯ ಯೋಜನೆಯ ಬೇಡಿಕೆ 11,000 ಡಾಲರ್ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳುತ್ತೇನೆ.

1,00,000ದಿಂದ 3,400 ಕಳೆದರೆ 96,600. ಅದರ ಮೂರನೇ ಒಂದು ಭಾಗ 32,200 ಗಾಯದ ವಕೀಲರಿಗೆ. ಉಳಿದ 64,400ರಲ್ಲಿ 11,000 ಆರೋಗ್ಯ ಯೋಜನೆಗೆ ಹೋದರೆ 53,400. ಈ 53,400ರ ಸುತ್ತಲೇ ಎಲ್ಲ ಚರ್ಚೆ ನಡೆಯಬೇಕಾಗಿದೆ.

ನ್ಯೂಜೆರ್ಸಿಯವರು ಫೆಡರಲ್ ವಿನಾಯಿತಿ ಪಟ್ಟಿಯನ್ನು ಆಯ್ದುಕೊಳ್ಳಬಹುದು. 2025ರ ಏಪ್ರಿಲ್ 1ರಿಂದ ದಾಖಲಾದ ಕೇಸುಗಳಿಗೆ, ದೇಹಕ್ಕಾದ ಗಾಯದ ಪರಿಹಾರದಲ್ಲಿ 31,575 ಡಾಲರಿನವರೆಗೆ ವಿನಾಯಿತಿ ಇದೆ. ಇದಲ್ಲದೆ ಯಾವ ಆಸ್ತಿಗಾದರೂ ಬಳಸಬಹುದಾದ ಮುಕ್ತ ವಿನಾಯಿತಿ 1,675 ಡಾಲರ್, ಸ್ವಂತ ಮನೆಯ ವಿನಾಯಿತಿಯನ್ನು ಬಳಸದೆ ಉಳಿಸಿದವರಿಗೆ ಅದರಿಂದ 15,800 ಡಾಲರಿನವರೆಗೆ ಹೆಚ್ಚುವರಿ. ನೀವು ಬಾಡಿಗೆ ಮನೆಯಲ್ಲಿರುವುದರಿಂದ ಆ 17,475 ಪೂರ್ತಿ ಲಭ್ಯ. ಬ್ಯಾಂಕಿನಲ್ಲಿದ್ದ ಹಣಕ್ಕೆ ಅದರಲ್ಲಿ ಸ್ವಲ್ಪ ಬಳಸಿ 14,000 ಉಳಿದಿದೆ ಎನ್ನೋಣ. ಎರಡೂ ಸೇರಿ 45,575 ನಿಮಗೆ.

ಆಗ ಎಸ್ಟೇಟಿಗೆ ಉಳಿಯುವುದು 7,825. ಟ್ರಸ್ಟಿಯ ಕಮಿಷನ್ ಗರಿಷ್ಠ ಎಷ್ಟೆಂದು 326ನೇ ವಿಧಿ ಹೇಳುತ್ತದೆ: ಮೊದಲ 5,000ಕ್ಕೆ ಶೇಕಡಾ 25, ಅಲ್ಲಿಂದ 50,000ದವರೆಗೆ ಶೇಕಡಾ 10, ಆಮೇಲೆ 10 ಲಕ್ಷದವರೆಗೆ ಶೇಕಡಾ 5. ಇದನ್ನು ಅರ್ಜಿದಾರರಿಗೆ ಕೊಟ್ಟದ್ದನ್ನು ಬಿಟ್ಟು ಟ್ರಸ್ಟಿ ಉಳಿದವರಿಗೆ ಹಂಚಿದ ಹಣದ ಮೇಲೆ ಹಾಕುತ್ತಾರೆ. ಇಲ್ಲಿ 54,425ರ ಮೇಲೆ ಸುಮಾರು 5,971. ಅದನ್ನು ಕಳೆದರೆ ಕ್ರೆಡಿಟ್ ಕಾರ್ಡ್ ಕಂಪನಿಗಳಿಗೆ ಸಿಗುವುದು 1,854ರಷ್ಟು ಮಾತ್ರ, ಅದೂ ಟ್ರಸ್ಟಿಯ ಸ್ವಂತ ವಕೀಲರ ಖರ್ಚು ಇಲ್ಲದಿದ್ದರೆ.

ನೆವಾರ್ಕ್ ಕಚೇರಿಯವನು

ಲೆಕ್ಕ ಸರಿಯಾಗಿದೆ, ಧನ್ಯವಾದಗಳು. ಆದರೆ ಆ 31,575 ಅಷ್ಟು ಸುಲಭವಾಗಿ ಕೈಗೆ ಬರುವಂಥದ್ದಲ್ಲ ಎಂಬುದನ್ನು ಎಡಿಸನ್ ಅವರು ಈಗಲೇ ತಿಳಿದಿರಬೇಕು. ನನ್ನ ಅನುಭವದಲ್ಲಿ ಇಂತಹ ಕೇಸುಗಳಲ್ಲಿ ನಿಜವಾದ ಹಗ್ಗಜಗ್ಗಾಟ ನಡೆಯುವುದು ಇಲ್ಲಿಯೇ.

ಕಾನೂನಿನ ಮಾತನ್ನು ಹಾಗೆಯೇ ಓದಿದರೆ, ವಿನಾಯಿತಿ ಇರುವುದು ದೇಹದ ಗಾಯಕ್ಕಾಗಿ ಕೊಟ್ಟ ಹಣಕ್ಕೆ. ನೋವು ಮತ್ತು ಯಾತನೆಗಾಗಿ ಕೊಟ್ಟದ್ದೂ, ಆಸ್ಪತ್ರೆ ಬಿಲ್ಲಿನಂತಹ ನಿಜವಾದ ಹಣದ ನಷ್ಟಕ್ಕಾಗಿ ಕೊಟ್ಟದ್ದೂ ಅದರೊಳಗೆ ಸೇರುವುದಿಲ್ಲ. ಹಾಗಾದರೆ ಉಳಿಯುವುದೇನು? ಮುರಿದ ಮೂಳೆ, ಶಾಶ್ವತವಾಗಿ ಉಳಿಯುವ ಕುಂಟು, ಶಸ್ತ್ರಚಿಕಿತ್ಸೆಯ ಗುರುತು, ಅಂಗದ ಶಕ್ತಿಯಲ್ಲಿ ಆದ ಕೊರತೆ, ಇವುಗಳಿಗೆ ಕೊಟ್ಟ ಪರಿಹಾರ. ಈ ವಾಕ್ಯ ಬಹಳ ಅಸ್ಪಷ್ಟವಾಗಿದ್ದು ನ್ಯಾಯಾಧೀಶರು ಅದನ್ನು ಒಂದೇ ರೀತಿ ಓದಿಲ್ಲ. ವಿಮಾ ಕಂಪನಿಯು ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಚೆಕ್ ಕೊಡುವುದರಿಂದ, ಪೂರ್ತಿ ಹಣವೂ ನೋವು ಯಾತನೆಯದೇ ಎಂದು ಟ್ರಸ್ಟಿ ವಾದಿಸಬಹುದು. ಆ ವಾದ ಗೆದ್ದರೆ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ನಿಮಗೆ 14,000 ಮಾತ್ರ. ಕಮಿಷನ್ 86,000ದ ಮೇಲೆ 7,550. ಸಾಲದಾತರಿಗೆ 31,850.

ಆದ್ದರಿಂದ ಮೂಳೆ ಮುರಿತದ ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ವರದಿ, ಮುಂದೆಯೂ ಉಳಿಯುವ ದೌರ್ಬಲ್ಯದ ಬಗ್ಗೆ ವೈದ್ಯರ ಪತ್ರ, ಇವೆಲ್ಲವನ್ನೂ ನಿಮ್ಮ ಬ್ಯಾಂಕ್‌ರಪ್ಸಿ ವಕೀಲರ ಕೈಗೆ ಕೊಡಿ. ನಿಮಗೆ ಮುಂದಿನ ದುಡಿಮೆಯಲ್ಲಿ ನಷ್ಟವಾಗುವಂತಿದ್ದರೆ ಅದಕ್ಕೆ ಪ್ರತ್ಯೇಕ ವಿನಾಯಿತಿಯೇ ಇದೆ, ಅದರ ಮೇಲೆ ಇಂತಿಷ್ಟೇ ಎಂಬ ಮಿತಿಯಿಲ್ಲ, ನಿಮ್ಮ ಮತ್ತು ಅವಲಂಬಿತರ ಜೀವನಕ್ಕೆ ಅಗತ್ಯವಿರುವಷ್ಟು ಎಂಬುದೇ ಅದರ ಅಳತೆ. ಪಟ್ಟಿಯಲ್ಲಿ ಅದನ್ನು ಕೇಳಿಲ್ಲದಿದ್ದರೆ ಕೇಸು ಮುಚ್ಚುವ ಮೊದಲು ತಿದ್ದುಪಡಿ ಮಾಡಬಹುದು.

ಇನ್ನೊಂದು ಸೂಕ್ಷ್ಮವಾದ ವಿಷಯವಿದೆ. ರಾಜಿಯ ಹಣವನ್ನು ಹೇಗೆ ವಿಂಗಡಿಸಬೇಕು ಎಂಬ ಈ ವಿವಾದದಲ್ಲಿ ನಿಮ್ಮ ಗಾಯದ ವಕೀಲರು ನಿಮ್ಮ ಪರವಾಗಿ ಮಾತಾಡಲಾರರು. ಟ್ರಸ್ಟಿ ಅವರನ್ನು ನೇಮಿಸಿಕೊಂಡ ಮೇಲೆ ಅವರು ಎಸ್ಟೇಟಿನ ವಕೀಲರು, ನೀವು ಕೇಳುತ್ತಿರುವುದು ಎಸ್ಟೇಟಿನಿಂದ ಹೊರಗೆ ತೆಗೆಯಬೇಕಾದ ಹಣ. ಅವರು ಎರಡೂ ಕಡೆ ನಿಲ್ಲುವಂತಿಲ್ಲ. ವರ್ಷವಿಡೀ ನಿಮ್ಮ ಕಷ್ಟ ಕೇಳಿದ ವಕೀಲರು ಇದ್ದಕ್ಕಿದ್ದಂತೆ ಮೌನವಾದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಅವರ ವೃತ್ತಿನಿಯಮ ಅದನ್ನೇ ಬಯಸುತ್ತದೆ. ಈ ಹೋರಾಟಕ್ಕೆ ನಿಮಗಿರುವವರು ಬ್ಯಾಂಕ್‌ರಪ್ಸಿ ವಕೀಲರು ಮಾತ್ರ.

ಬಹಳಷ್ಟು ಸಲ ಇದು ತೀರ್ಪಿನವರೆಗೆ ಹೋಗದೆ, ಇಬ್ಬರೂ ಒಂದು ಮೊತ್ತಕ್ಕೆ ಒಪ್ಪಿ ಅದನ್ನು 9019ರ ಅರ್ಜಿಯಲ್ಲೇ ಬರೆದು ಮುಗಿಸುತ್ತಾರೆ. ನೀವು ಸಹಕರಿಸದಿದ್ದರೆ, ಸಾಕ್ಷಿ ಹೇಳದಿದ್ದರೆ ಟ್ರಸ್ಟಿಯ ಬಳಿ ಪ್ರಕರಣವೇ ಇಲ್ಲ. ಸಹಕರಿಸುವುದು ಕಾನೂನಿನಂತೆ ನಿಮ್ಮ ಕರ್ತವ್ಯವೇ ಆದರೂ, ಗಾಯಗೊಂಡವರ ಮನಃಪೂರ್ವಕವಾದ ಸಾಕ್ಷ್ಯದ ಬೆಲೆ ಟ್ರಸ್ಟಿಗಳಿಗೆ ಗೊತ್ತಿರುತ್ತದೆ.

ಎಡಿಸನ್ ಓದುಗಿ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಸಹಿ ಹಾಕಿಲ್ಲ. ನನ್ನ ಸಾಲದಾತರ ಸಭೆ ಮುಂದೂಡಿದೆಯಂತೆ, ಈಗ ಅದರ ಕಾರಣ ತಿಳಿಯಿತು.

ಇನ್ನೆರಡು ಪ್ರಶ್ನೆಗಳಿವೆ. ಬ್ಯಾಂಕ್‌ರಪ್ಸಿ ವಕೀಲರಿಗೆ ಅರ್ಜಿ ಹಾಕುವ ಮೊದಲೇ ಒಂದು ನಿಗದಿತ ಫೀಸು ಕೊಟ್ಟಿದ್ದೇನೆ. ವಿನಾಯಿತಿಯ ಮೇಲೆ ಆಕ್ಷೇಪ ಬಂದರೆ ಬೇರೆ ಫೀಸು ಬೇಕೆನ್ನುತ್ತಿದ್ದಾರೆ. ಅದನ್ನು ರಾಜಿಯ ಹಣದಿಂದಲೇ ಟ್ರಸ್ಟಿ ಕೊಡಬಹುದೇ? ಎರಡನೆಯದು, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣ ಆರು ಲಕ್ಷ ರೂಪಾಯಿ ಕಳಿಸಿದ್ದರು. ಅತ್ತಿಗೆಯ ಒಡವೆ ಅಡವಿಟ್ಟು ಕೊಟ್ಟ ಹಣ ಅದು. ಬೇರೆ ಯಾರಿಗೆ ಹೋದರೂ ಹೋಗಲಿ, ಮೊದಲು ಅವರಿಗೆ ತೀರಿಸಬೇಕೆಂಬುದು ನನ್ನ ಆಸೆ.

ನೆವಾರ್ಕ್ ಕಚೇರಿಯವನು

ಮೊದಲನೆಯದಕ್ಕೆ ಉತ್ತರ, ಇಲ್ಲ. 2004ರ ಲಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಾಪ್ಟರ್ 7ರಲ್ಲಿ ಅರ್ಜಿದಾರರ ವಕೀಲರಿಗೆ ಎಸ್ಟೇಟಿನ ಹಣದಿಂದ ಫೀಸು ಕೊಡಲು ಅವಕಾಶವಿಲ್ಲ, ಟ್ರಸ್ಟಿಯೇ ಅವರನ್ನು ನ್ಯಾಯಾಲಯದ ಒಪ್ಪಿಗೆಯಿಂದ ನೇಮಿಸಿಕೊಂಡಿದ್ದರೆ ಮಾತ್ರ ಬೇರೆ ಮಾತು, ಎಂದು ಹೇಳಿದೆ. ವಿನಾಯಿತಿಯಾಗಿ ನಿಮ್ಮ ಕೈಗೆ ಬಂದ ಹಣ ನಿಮ್ಮದು, ಅದರಿಂದ ನೀವು ಕೊಡಬಹುದು. ಹಾಗೆ ಒಪ್ಪಿಕೊಂಡ ಫೀಸನ್ನು ವಕೀಲರು 329ನೇ ವಿಧಿಯಂತೆ ನ್ಯಾಯಾಲಯಕ್ಕೆ ತಿಳಿಸಬೇಕು. ಎಷ್ಟು, ಯಾವಾಗ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ಅಣ್ಣನ ವಿಷಯದಲ್ಲಿ ನಿಮ್ಮ ಭಾವನೆ ಅರ್ಥವಾಗುತ್ತದೆ. ನಮ್ಮವರ ಕೇಸುಗಳಲ್ಲಿ ಈ ಪ್ರಶ್ನೆ ಬಾರದೆ ಇರುವುದು ಅಪರೂಪ, ಎಡವುವುದೂ ಇಲ್ಲಿಯೇ ಹೆಚ್ಚು. ಅಣ್ಣನೂ ನಿಮ್ಮ ಸಾಲದಾತರಲ್ಲಿ ಒಬ್ಬರು, ಅವರ ಹೆಸರು ಪಟ್ಟಿಯಲ್ಲಿ ಇರಲೇಬೇಕು. ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಅಣ್ಣನಂತಹ ಹತ್ತಿರದ ಸಂಬಂಧಿಗೆ ಸಾಲ ತೀರಿಸಿದ್ದರೆ, 547ನೇ ವಿಧಿಯಂತೆ ಟ್ರಸ್ಟಿ ಅದನ್ನು ಅವರಿಂದಲೇ ಹಿಂದಕ್ಕೆ ಕೇಳಬಹುದಾಗಿತ್ತು. ನೀವು ತೀರಿಸಿಲ್ಲವಾದ್ದರಿಂದ ಆ ತೊಂದರೆ ಇಲ್ಲ. ಎಸ್ಟೇಟಿಗೆ ಸೇರಿದ ಹಣದಿಂದ ಈಗ ಕಳಿಸಿದರೂ ಅದು ರದ್ದಾಗುವ ವರ್ಗಾವಣೆಯೇ.

ಅವರಿಗೆ ಎರಡು ದಾರಿಗಳಿವೆ. ಎಸ್ಟೇಟಿನಲ್ಲಿ ಹಣವಿದೆಯೆಂದು ಗೊತ್ತಾದ ಮೇಲೆ, ಬೇಡಿಕೆ ಸಲ್ಲಿಸಲು 90 ದಿನಗಳಾದರೂ ಸಮಯ ಕೊಟ್ಟು ನ್ಯಾಯಾಲಯದಿಂದ ಎಲ್ಲ ಸಾಲದಾತರಿಗೂ ನೋಟಿಸ್ ಹೋಗುತ್ತದೆ. ಅಣ್ಣನೂ ಬ್ಯಾಂಕಿನ ವರ್ಗಾವಣೆಯ ದಾಖಲೆಯೊಡನೆ ಬೇಡಿಕೆ ಸಲ್ಲಿಸಿ, ಬೇರೆಯವರಂತೆ ತಮ್ಮ ಪಾಲನ್ನು ಪಡೆಯಬಹುದು. ಇದಲ್ಲದೆ, ಸಾಲಮುಕ್ತಿಯಾದ ಮೇಲೂ ಸ್ವಇಚ್ಛೆಯಿಂದ ಸಾಲ ತೀರಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ವಿನಾಯಿತಿಯ ಹಣದಿಂದ ಅಥವಾ ಮುಂದಿನ ದುಡಿಮೆಯಿಂದ ನೀವು ಅವರಿಗೆ ಪೂರ್ತಿಯಾಗಿ ಕೊಡಬಹುದು. ಅತ್ತಿಗೆಯ ಒಡವೆ ಬಿಡಿಸಿಕೊಡಲು ಇದೇ ನೇರವಾದ ದಾರಿ ಎಂದು ನನಗನಿಸುತ್ತದೆ. ಈ ಸಂದರ್ಭದಲ್ಲಿ ಇನ್ನೊಂದು ಮಾತು: ಎಸ್ಟೇಟಿಗೆ ಸೇರುವ ಆಸ್ತಿ ಲೋಕದ ಎಲ್ಲಿದ್ದರೂ ಸೇರಿದಂತೆಯೇ. ಧಾರವಾಡದ ಸೈಟು, ಪಿತ್ರಾರ್ಜಿತ ಜಮೀನಿನ ಪಾಲು, ಊರಿನ ಬ್ಯಾಂಕಿನ ಠೇವಣಿ, ಯಾವುದಿದ್ದರೂ ಪಟ್ಟಿಯಲ್ಲಿ ಬರಬೇಕು.

ಪ್ಲೇನೋ ಕನ್ನಡಿಗ

ಕಂತುಗಳಲ್ಲಿ ಸಾಲ ತೀರಿಸುವ ಚಾಪ್ಟರ್ 13ರಲ್ಲಿ ಇರುವವರಿಗಾಗಿ ಟೆಕ್ಸಸ್‌ನಿಂದ ಬರೆಯುತ್ತಿದ್ದೇನೆ, ಏಕೆಂದರೆ ಮೇಲಿನ ಕೆಲವು ಮಾತುಗಳು ನಮಗೆ ಅನ್ವಯಿಸುವುದಿಲ್ಲ. ಐದು ವರ್ಷಗಳ ಕಂತಿನ ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿ, ನಾನು ತಿಂಗಳು ತಿಂಗಳೂ ಕಟ್ಟುತ್ತಿದ್ದಾಗ ಹಿಂದಿನಿಂದ ಬಂದ ಲಾರಿಯೊಂದು ನನ್ನ ಕಾರಿಗೆ ಡಿಕ್ಕಿ ಹೊಡೆಯಿತು. ಅಪಘಾತ ಅರ್ಜಿಯ ನಂತರ ಆದದ್ದಲ್ಲವೇ, ಹಣ ನನ್ನದೇ ಎಂದು ಸ್ನೇಹಿತರು ಹೇಳಿದರು. ಚಾಪ್ಟರ್ 13ರಲ್ಲಿ ಅದು ಹಾಗಲ್ಲ. 1306ನೇ ವಿಧಿಯಂತೆ ಕೇಸು ಮುಗಿಯುವವರೆಗೆ ಹೊಸದಾಗಿ ಬಂದ ಆಸ್ತಿಯೂ ಎಸ್ಟೇಟಿಗೆ ಸೇರುತ್ತದೆ. ನನ್ನ ವಕೀಲರು ಕೂಡಲೇ ಪಟ್ಟಿಗೆ ತಿದ್ದುಪಡಿ ಸಲ್ಲಿಸಿದರು.

ಅನುಕೂಲವೂ ಇದೆ. ಇಲ್ಲಿ ಟ್ರಸ್ಟಿ ದಾವೆಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲ, ಅರ್ಜಿದಾರರೇ ನಡೆಸುತ್ತಾರೆ. ಆದರೂ ಗಾಯದ ವಕೀಲರ ನೇಮಕಕ್ಕೂ ರಾಜಿಗೂ ಫೀಸಿಗೂ ನಮ್ಮಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆದೆವು. ನಜ್ಜುಗುಜ್ಜಾದ ಕಾರಿಗೆ ಬದಲಿ ಕಾರು ಕೊಳ್ಳಲು ಮತ್ತು ಮುಂದಿನ ಚಿಕಿತ್ಸೆಗೆ ಒಂದಿಷ್ಟು ಹಣ ಇಟ್ಟುಕೊಳ್ಳಲು ಅನುಮತಿ ಕೇಳಿದೆವು, ಸಿಕ್ಕಿತು. ಉಳಿದದ್ದರಲ್ಲಿ ಒಂದು ಭಾಗ ಯೋಜನೆಗೆ ಹೋಯಿತು. ಟ್ರಸ್ಟಿಯು 1329ನೇ ವಿಧಿಯಡಿ ಯೋಜನೆಯನ್ನೇ ಬದಲಿಸಿ ಹೆಚ್ಚು ಕಟ್ಟುವಂತೆ ಕೇಳಬಹುದಾದ್ದರಿಂದ ಮೊದಲೇ ಮಾತಾಡಿಕೊಂಡದ್ದು ಒಳ್ಳೆಯದಾಯಿತು.

ಹೇಳದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಆರ್ಲಿಂಗ್ಟನ್ ನಗರದ ಪ್ರಕರಣವೇ ಇದೆ. 5ನೇ ಸರ್ಕ್ಯೂಟ್ 2011ರಲ್ಲಿ, ಅರ್ಜಿದಾರರು ಮುಚ್ಚಿಟ್ಟಿದ್ದ ತೀರ್ಪಿನ ಹಣವನ್ನು ತಪ್ಪಿಲ್ಲದ ಟ್ರಸ್ಟಿ ಸಾಲದಾತರಿಗಾಗಿ ವಸೂಲು ಮಾಡಬಹುದು ಎಂದಿತು, ಆದರೆ ಅರ್ಜಿದಾರರಿಗೆ ಅದರಿಂದ ಏನೂ ದಕ್ಕದಂತೆ ನೋಡಿಕೊಂಡಿತು.

ಹೊಸ ಸದಸ್ಯ

ನನ್ನ ಗೆಳೆಯರಿಗೆ ಈ ಚರ್ಚೆಯನ್ನು ಓದಿಸಿದ್ದೇನೆ, ಹಕ್ಕನ್ನು ಪಟ್ಟಿಯಲ್ಲಿ ಬರೆಯಲು ನಿರ್ಧರಿಸಿದ್ದಾರೆ. ಅವರು ಇನ್ನೂ ಅರ್ಜಿ ಹಾಕಿಲ್ಲ. ರಾಜಿಯ ಹಣ ಬಂದ ಮೇಲೆ ಅರ್ಜಿ ಹಾಕುವುದು ಮೇಲೋ, ಮೊದಲು ಹಾಕುವುದು ಮೇಲೋ?

ಸನಿವೇಲ್ ಲೆಕ್ಕಿಗ

ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಫೆಡರಲ್ ಪಟ್ಟಿಯನ್ನು ಬಳಸುವಂತಿಲ್ಲ, ರಾಜ್ಯದ ಎರಡು ಪಟ್ಟಿಗಳಲ್ಲಿ ಒಂದನ್ನು ಆರಿಸಬೇಕು. ಅವುಗಳಲ್ಲೊಂದರ ಪ್ರಕಾರ ಗಾಯದ ಪರಿಹಾರಕ್ಕೆ ಡಾಲರ್ ಮಿತಿಯಿಲ್ಲ, ಕುಟುಂಬದ ಜೀವನಕ್ಕೆ ಅಗತ್ಯವಿರುವಷ್ಟು ಉಳಿಸಿಕೊಳ್ಳಬಹುದು. ಎರಡು ವರ್ಷದೊಳಗೆ ರಾಜ್ಯ ಬದಲಿಸಿದವರಿಗೆ ಹಳೆಯ ರಾಜ್ಯದ ನಿಯಮ ಅನ್ವಯಿಸುವ ಸಾಧ್ಯತೆ ಇರುವುದರಿಂದ ಅದನ್ನೂ ನೋಡಬೇಕು. ಕೆಲಸಕ್ಕಾಗಿ ಊರು ಬದಲಿಸುತ್ತಲೇ ಇರುವ ನಮ್ಮವರಿಗೆ ಇದು ದೊಡ್ಡ ವಿಷಯ.

ಹಣ ಮೊದಲು ಬಂದು ಆಸ್ಪತ್ರೆ, ಬಾಡಿಗೆ, ಊಟದಂತಹ ನ್ಯಾಯವಾದ ಖರ್ಚುಗಳಿಗೆ ಹೋಗಿ, ಅದರ ರಸೀದಿಗಳಿದ್ದರೆ ತಪ್ಪೇನಿಲ್ಲ. ಸಾಲ ಕೊಟ್ಟವರು ವೇತನ ಜಪ್ತಿಗೆ ಬಂದಿದ್ದರೆ ಕಾಯಲು ಆಗುವುದಿಲ್ಲ. ಬಂದ ಹಣವನ್ನು ತಮ್ಮನ ಅಥವಾ ಅಪ್ಪನ ಹೆಸರಿಗೆ ವರ್ಗಾಯಿಸಿ ಅರ್ಜಿ ಹಾಕಿದರೆ ಮಾತ್ರ, ಅದು ಎರಡು ವರ್ಷಗಳ ಹಿಂದಿನದಾದರೂ ವಂಚನೆಯ ವರ್ಗಾವಣೆಯೆಂದು ಕೆದಕಲ್ಪಡುತ್ತದೆ.

ಎಡಿಸನ್ ಓದುಗಿ

ಎಲ್ಲಿಗೆ ಬಂತೆಂದು ತಿಳಿಸುತ್ತೇನೆ. ಎರಡೂ ವಕೀಲರು ಫೋನಿನಲ್ಲಿ ಮಾತಾಡಿದ್ದಾರೆ. ಗಾಯದ ವಕೀಲರ ನೇಮಕಕ್ಕೆ ಟ್ರಸ್ಟಿ ಅರ್ಜಿ ಸಲ್ಲಿಸಿದ್ದು, ಫೀಸು ಖರ್ಚು ಕಳೆದ ಮೇಲೆ ಮೂರನೇ ಒಂದು ಭಾಗವೆಂದೇ ಬರೆದಿದ್ದಾರೆ. ಆ ಒಪ್ಪಿಗೆ ಬರುವವರೆಗೆ ಕಾಯಲು ವಿಮಾ ಕಂಪನಿ ಸಮ್ಮತಿಸಿದೆ. ಮುಂದಿನ ದುಡಿಮೆಯ ನಷ್ಟಕ್ಕೂ ವಿನಾಯಿತಿ ಕೇಳಿ ಪಟ್ಟಿ ತಿದ್ದಿದ್ದೇವೆ. ಈ ನಡುವೆ ಮೂಳೆ ತಜ್ಞರ ಕಚೇರಿಯೊಂದು ತನ್ನ ಹಳೆಯ ಬಿಲ್ಲನ್ನು ರಾಜಿಯ ಹಣದಿಂದ ಮೊದಲು ಕೊಡಬೇಕೆಂದು ಪತ್ರ ಬರೆದಿದೆ. ಕೊಡಲೇಬೇಕೇ?

ಗಾಯದ ಪ್ರಕರಣಗಳ ಸಹಾಯಕಿ

ನೀವು ಅಥವಾ ನಿಮ್ಮ ವಕೀಲರು ಚಿಕಿತ್ಸೆಯ ಸಮಯದಲ್ಲಿ, ರಾಜಿಯ ಹಣದಿಂದ ಕೊಡುತ್ತೇವೆಂದು ಆ ಕಚೇರಿಗೆ ಸಹಿ ಮಾಡಿಕೊಟ್ಟ ಪತ್ರವಿದೆಯೇ ಎಂದು ಮೊದಲು ನೋಡಿ. ಅಂತಹ ಪತ್ರ ಅಥವಾ ಕಾನೂನುಬದ್ಧವಾದ ಲೀನ್ (ಆ ಹಣದ ಮೇಲಿನ ಭದ್ರತಾ ಹಕ್ಕು) ಇದ್ದರೆ ಅದನ್ನು ಟ್ರಸ್ಟಿಗೆ ಕಳಿಸಿ, ಅದು ಊರ್ಜಿತವೇ ಅಲ್ಲವೇ ಎಂಬುದನ್ನು ಅವರು ಪರಿಶೀಲಿಸುತ್ತಾರೆ. ಏನೂ ಇಲ್ಲದಿದ್ದರೆ ಅದು ಅರ್ಜಿಗೆ ಹಿಂದಿನ ಸಾಮಾನ್ಯ ಸಾಲ, ಕ್ರೆಡಿಟ್ ಕಾರ್ಡಿನವರ ಸಾಲಿನಲ್ಲೇ ಅವರೂ ನಿಲ್ಲಬೇಕು. ನಿಮ್ಮಿಂದ ನೇರವಾಗಿ ವಸೂಲು ಮಾಡಲು ಪತ್ರ ಬರೆಯುವುದನ್ನು 362ನೇ ವಿಧಿಯ ತಡೆಯಾಜ್ಞೆ ನಿಷೇಧಿಸುತ್ತದೆ. ಪತ್ರದ ನಕಲನ್ನು ನಿಮ್ಮ ಬ್ಯಾಂಕ್‌ರಪ್ಸಿ ವಕೀಲರಿಗೆ ಕೊಡಿ, ಉತ್ತರವನ್ನು ಅವರೇ ಬರೆಯಲಿ, ನೀವು ಫೋನಿನಲ್ಲಿ ಯಾವ ಮಾತನ್ನೂ ಕೊಡಬೇಡಿ.